ಫೋನಿನಲ್ಲಿ ಬಾರಿಸಿದ ಗಾಲಿ

ಫೆಬ್ರವರಿ 4

ತಮ್ಮನ ಅಂಗಡಿಯ ಸಭಿಕರೇ, ಮಹಾಜನರೇ, ಬಲಗಡೆ ಡ್ರಿಲ್ಲಿಂಗ್ ಮೆಷಿನ್ನಿನ ಪಕ್ಕ ಸ್ಟೂಲು ಹಾಕಿಕೊಂಡು ಕೂತವರೇ, ಎಡಗಡೆ ಸಾಣೆಕಲ್ಲಿನ ಮುಂದೆ ಟೀ ಲೋಟ ಹಿಡಿದು ನಿಂತವರೇ, ಹಿಂದಿನ ಸಾಲಿನಲ್ಲಿ ಕೈಯ ಗ್ರೀಸು ಒರೆಸಿಕೊಳ್ಳುತ್ತಾ “ಇವತ್ತು ಈ ಮುದುಕ ಏನು ಬರೆದಿದ್ದಾನೋ” ಅಂತ ಹಲ್ಲು ಕಿರಿಯುತ್ತಿರುವವರೇ, ಎಲ್ಲರೂ ಸುಮ್ಮನಾಗಿ. ಪರದೆ ಮೇಲೇಳುತ್ತಿದೆ. ಓದುವ ಮೇಸ್ತ್ರಿಗಳೇ, ಗಂಟಲು ಸರಿಮಾಡಿಕೊಳ್ಳಿ. ಹೋದ ಸಲದ ನನ್ನ ಕಾಗದವನ್ನು ನೀವು ಕರೆಂಟು ಬಿಲ್ಲು ಓದಿದ ಹಾಗೆ ಓದಿದಿರಂತೆ, ದೂರು ಬಂದಿದೆ.

ತಮ್ಮಾ, ಈಗ ನಿನಗೆ. ನಾಲ್ಕು ಸಲ ಫೋನ್ ಮಾಡಿದೆ. ನಾಲ್ಕು ಸಲವೂ ಮೇಸ್ತ್ರಿಯೇ ಎತ್ತಿ “ಯಜಮಾನರು ಮೆಷಿನ್ ಮುಂದಿದ್ದಾರೆ, ಕಾಗದ ಬರೆಯಬೇಕಂತೆ” ಅಂದರು. ಅಣ್ಣನ ದನಿ ಕೇಳುವುದಕ್ಕೂ ಪುರುಸೊತ್ತಿಲ್ಲದಷ್ಟು ದೊಡ್ಡ ಮನುಷ್ಯನಾಗಿದ್ದೀಯ. ಇರಲಿ, ರಂಗದ ಮೇಲೆ ಮೂವತ್ತು ವರ್ಷ ಮೈಕಿಲ್ಲದೆ ಕೂಗಿದವನಿಗೆ ಒಂದು ಕಾಗದದಲ್ಲಿ ಕೂಗುವುದು ಕಷ್ಟವೇ?

ವಿಷಯ ಇಷ್ಟು. ನನ್ನ ಮಗಳು, ನಿನ್ನ ಮುದ್ದಿನ ಚೂಟಿ, ವಾರವೆಲ್ಲ ಔಷಧಿ ಕಂಪನಿಯ ವ್ಯಾನು ಓಡಿಸುತ್ತಾಳೆ, ಭಾನುವಾರ ಬಂತೆಂದರೆ ನಮ್ಮಪ್ಪ ಬಿಟ್ಟುಹೋದ ಹಳೆ ಕಾರಿನ ಕೆಳಗೆ ಮಲಗಿರುತ್ತಾಳೆ. ಏಪ್ರಿಲ್ 6ಕ್ಕೆ ಗುಡ್ಡ ಹತ್ತುವ ಕಾರುಗಳ ಪಂದ್ಯ. ಹೋದ ವರ್ಷ ಎರಡೇ ಎರಡು ಸೆಕೆಂಡಿನಲ್ಲಿ ಸೋತಳು. ಮೂರನೇ ತಿರುವು ದಾಟಿ ಏರು ಹಿಡಿಯುವಾಗ ಎಂಜಿನ್ ಏಳುವುದೇ ಇಲ್ಲ. “ಅಪ್ಪಾ, ಮದುವೆ ಊಟ ಮುಗಿಸಿ ಏಳುವವರ ಹಾಗೆ ಏಳುತ್ತೆ” ಅಂದಳು. ಎಂಜಿನ್ನಿನ ಬೆನ್ನಿಗೆ ಕಟ್ಟಿದ ಆ ಫ್ಲೈವೀಲ್ ಇದೆಯಲ್ಲ, ಬೀಡುಕಬ್ಬಿಣದ ಗಾಲಿ, ಹನ್ನೊಂದು ಕೆಜಿ. ಅದನ್ನು ಕೊಯ್ದು ಹಗುರ ಮಾಡಿದರೆ ಎಂಜಿನ್ ಚಿಟಿಕೆ ಹೊಡೆದ ಹಾಗೆ ಏಳುತ್ತದೆ. ನನಗೆ ಗೊತ್ತಿರುವವರಲ್ಲಿ ಆ ಕೆಲಸಕ್ಕೆ ನಿನ್ನಂಥವನು ಇನ್ನೊಬ್ಬನಿಲ್ಲ. ಅಪ್ಪ ಗಾಲಿಯನ್ನು ಹಗ್ಗಕ್ಕೆ ನೇತುಹಾಕಿ ಸುತ್ತಿಗೆಯಿಂದ ತಟ್ಟಿದಾಗ ಒಳಗೆ ಬಿರುಕಿದ್ದರೆ ಮೊದಲು ಕೇಳಿಸುತ್ತಿದ್ದದ್ದು ನಿನಗೆ. “ದೊಡ್ಡವನಿಗೆ ದೇವರು ಗಂಟಲು ಕೊಟ್ಟ, ಚಿಕ್ಕವನಿಗೆ ಕಿವಿ ಕೊಟ್ಟ, ಇಬ್ಬರನ್ನೂ ಸೇರಿಸಿದರೆ ಒಬ್ಬ ಲೇತ್ ಟರ್ನರ್ ಆಗುತ್ತಾನೆ” ಅನ್ನುತ್ತಿದ್ದರಲ್ಲ.

ಗಾಲಿ ಬಿಚ್ಚಿಟ್ಟಿದ್ದೇನೆ. ಯಾವ ಲಾರಿಗೆ ಹಾಕಲಿ, ಬರೆ.

ನಿನ್ನ ಅಣ್ಣ

ಫೆಬ್ರವರಿ 12

ಅಣ್ಣಾ,

ಗಾಲಿ ಕಳಿಸಬೇಡ. ಹಳೆ ಬೀಡಿನ ಕೆಲಸ ಬಿಟ್ಟು ಎರಡು ವರ್ಷ ಆಯಿತು. ಈಗ ಕಂಪನಿಯಿಂದ ಬರುವ ಹೊಸ ಸಾಮಾನು ಮಾತ್ರ ಮಾಡುತ್ತೇನೆ.

ನಿಮ್ಮೂರಲ್ಲೇ ರೈಲ್ವೆ ಗೇಟಿನ ಆಚೆ ಒಬ್ಬರಿದ್ದಾರೆ. ಒಳ್ಳೆಯ ಕೆಲಸಗಾರ. ಗಾಲಿಯ ತೂಕ ಸುತ್ತಲೂ ಸಮವಿದೆಯಾ ನೋಡುವ ಬ್ಯಾಲೆನ್ಸಿಂಗ್ ಮೆಷಿನ್ ಇದೆ, ಬಿರುಕಿದ್ದರೆ ಕೆಂಪಗೆ ಎದ್ದು ಕಾಣುವ ಬಣ್ಣವೂ ಇದೆ. ಅಲ್ಲಿಗೆ ಕೊಡು.

ಮನೆಯಲ್ಲಿ ಮಾತ್ರ ಕೊಯ್ಯಬೇಡ. ನಿನಗೆ ಕೋಪ ಬಂದರೆ ಅದನ್ನೇ ಮಾಡುತ್ತೀಯ, ಅದಕ್ಕೇ ಮೊದಲೇ ಹೇಳುತ್ತಿದ್ದೇನೆ. ಅದು ನಿಮಿಷಕ್ಕೆ ಆರು ಸಾವಿರ ಸುತ್ತು ತಿರುಗುವ ಗಾಲಿ. ಬೀಡು ಬಗ್ಗುವುದಿಲ್ಲ, ಸಿಡಿಯುತ್ತದೆ. ಸಿಡಿದರೆ ಅದರ ಮೇಲಿನ ಹೊದಿಕೆ ಕಾಗದದ ಹಾಗೆ ಹರಿದುಹೋಗುತ್ತದೆ. ಅದರ ಹಿಂದೆಯೇ ಓಡಿಸುವವರ ಕಾಲಿರುತ್ತದೆ.

ಚೂಟಿಗೆ ಚಿಕ್ಕಪ್ಪ ಕೇಳಿದ ಅಂತ ಹೇಳು.

ನಿನ್ನ ತಮ್ಮ

ಫೆಬ್ರವರಿ 19

ಸಭಿಕರೇ, ಇವತ್ತಿನ ಅಂಕದಲ್ಲಿ ಒಬ್ಬ ಅಣ್ಣ ಭಿಕ್ಷಾಪಾತ್ರೆ ಹಿಡಿದು ತಮ್ಮನ ಬಾಗಿಲಿಗೆ ಬರುತ್ತಾನೆ. ತಮ್ಮ ಬಾಗಿಲು ತೆರೆಯದೆ ಕಿಟಕಿಯಿಂದಲೇ “ಮುಂದಿನ ಮನೆಗೆ ಹೋಗಪ್ಪ” ಅನ್ನುತ್ತಾನೆ. ಯಾರೂ ಅಳಬೇಡಿ. ಟೀ ಆರುತ್ತದೆ.

ತಮ್ಮಾ, ರೈಲ್ವೆ ಗೇಟಿನವನ ವಿಳಾಸ ನನಗೆ ಗೊತ್ತಿರಲಿಲ್ಲವೇ? ದಿನಾ ಅವನ ಅಂಗಡಿ ಮುಂದೆಯೇ ತರಕಾರಿಗೆ ಹೋಗುತ್ತೇನೆ. ನಾನು ಕೇಳಿದ್ದು ತಮ್ಮನನ್ನು, ಅಂಗಡಿಯನ್ನಲ್ಲ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ, ಇಲ್ಲಿ ಹಿತ್ತಲ ಗಿಡವೇ “ನಾನು ಮದ್ದಲ್ಲ, ಹೋಗು” ಅನ್ನುತ್ತಿದೆ.

ನನಗೆ ಗೊತ್ತು ಇದೇನು ಅಂತ. ಅಪ್ಪ ಹೋದ ಮೇಲೆ ಲೇತ್ ಮೆಷಿನ್ ನಾನಿಟ್ಟುಕೊಂಡೆ. ಕೆಲಸ ಕಲಿತವನು ನೀನು, ಮೆಷಿನ್ ಸೇರಿದ್ದು ನಾಟಕದವನ ಶೆಡ್ಡಿಗೆ. ಅವತ್ತು ನೀನು ಒಂದು ಮಾತೂ ಆಡದೆ ಚೀಲ ಹೆಗಲಿಗೆ ಹಾಕಿಕೊಂಡು ಹೋದೆ. ಹದಿನಾಲ್ಕು ವರ್ಷ ಬೂದಿ ಮುಚ್ಚಿಟ್ಟ ಕೆಂಡ. ಫೋನ್ ಎತ್ತದಿದ್ದರೂ ನನಗೆ ಅರ್ಥವಾಗುತ್ತದೆ. ಹೇಳಿಬಿಡಬಾರದೇ, ಮೆಷಿನ್ ಲಾರಿಗೆ ಹಾಕಿ ಕಳಿಸುತ್ತಿರಲಿಲ್ಲವೇ?

ಈಗ ಕಳಿಸುವುದಿಲ್ಲ. ಈಗ ಅದಕ್ಕೆ ಕೆಲಸ ಬಂದಿದೆ. ಗಾಲಿಯನ್ನು ನಾನೇ ಕೊಯ್ಯುತ್ತೇನೆ, ಅಪ್ಪನ ಲೇತಿನ ಮೇಲೆಯೇ. ಚೂಟಿ ಹೇಳಿದಳು: “ಚಿಕ್ಕಪ್ಪ ಬೇಡ ಅಂದರೆ ಕಾರಣ ಇರುತ್ತೆ ಅಪ್ಪಾ, ಗೇಟಿನವರಿಗೇ ಕೊಡೋಣ.” ನೋಡು, ನನ್ನ ಮನೆಯಲ್ಲೂ ನಿನ್ನ ಪಕ್ಷದವರಿದ್ದಾರೆ.

ಅಣ್ಣ

ಫೆಬ್ರವರಿ 24

ಅಣ್ಣಾ,

ಲೇತಿನ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಅವತ್ತು ಮಾತಾಡದೆ ಹೋದದ್ದು ಬಸ್ಸಿಗೆ ಹೊತ್ತಾಗಿತ್ತು ಅಂತ.

ನೀನು ಹೇಗೂ ಕೊಯ್ಯುತ್ತೀಯ. ಹಾಗಾಗಿ ಇದನ್ನು ಹಾಳೆಯಿಂದ ಕತ್ತರಿಸಿ ಮೆಷಿನ್ ಮೇಲೆ ಅಂಟಿಸಿಕೋ. ಹಿಂಬದಿಯಿಂದ, ಹೊರಸುತ್ತಿನಲ್ಲಿ ಮಾತ್ರ ತೆಗೆ. ನಡುವೆ ಬೋಲ್ಟ್ ಹಾಕುವ ತೂತುಗಳಿವೆಯಲ್ಲ, ಅವುಗಳಿಂದ ನಾಲ್ಕು ಬೆರಳು ದೂರ ನಿಲ್ಲು. ನಾಲ್ಕು ಮಿಲಿಮೀಟರ್, ಅದಕ್ಕಿಂತ ಒಂದು ಗೀರೂ ಆಳ ಬೇಡ. ಕೊಯ್ದಲ್ಲಿ ಮೂಲೆ ಚೂಪಾಗಿ ಬಿಡಬೇಡ, ದುಂಡಗೆ ಮಾಡು. ಚೂಪು ಮೂಲೆಯಿಂದಲೇ ಬಿರುಕು ಶುರುವಾಗುವುದು. ಎರಡು ಕೆಜಿ ಇಳಿದರೆ ಸಾಕು. ಮೂರು ಇಳಿಸಬೇಕು ಅಂತ ಆಸೆಪಡಬೇಡ.

ಮುಗಿದ ಮೇಲೆ ಬ್ಯಾಲೆನ್ಸಿಗೂ ಬಿರುಕು ನೋಡುವುದಕ್ಕೂ ಗೇಟಿನವರ ಹತ್ತಿರ ಹೋಗು. ಇಷ್ಟನ್ನಾದರೂ ನನಗೋಸ್ಕರ ಮಾಡು.

ತಮ್ಮ

ಮಾರ್ಚ್ 4

ಸಭಿಕರೇ, ಎದ್ದು ನಿಂತು ಕೈ ತಟ್ಟಿ. ಕೆಲಸ ಮುಗಿಯಿತು.

ಮೂರು ದಿನ ಶೆಡ್ಡಿನಲ್ಲೇ ವಾಸ. ಬೀಡು ಕೊಯ್ಯುವಾಗ ಬರುತ್ತದಲ್ಲ ಆ ಕಪ್ಪು ಪುಡಿ, ಮೂಗಿನೊಳಗೆ, ರೆಪ್ಪೆಯ ಮೇಲೆ, ಚಹಾದಲ್ಲಿ. ಮುಖಕ್ಕೆ ಬಣ್ಣ ಹಚ್ಚಿಕೊಳ್ಳದೆಯೇ ಖಳನಾಯಕನ ಪಾತ್ರಕ್ಕೆ ತಯಾರಾದೆ. ಚೂಟಿ ಬಾಗಿಲಲ್ಲಿ ನಿಂತು “ಅಪ್ಪಾ, ಇನ್ನು ಸಾಕು, ಅಲ್ಲಿಗೆ ನಿಲ್ಲಿಸು” ಅಂದಳು. ಮಧ್ಯಾಹ್ನ ಊಟಕ್ಕೆ ಕರೆದಳು ಅಂದುಕೊಂಡೆ. ತೂಕಕ್ಕೆ ಹೇಳಿದ್ದಂತೆ.

ನೀನು ಹಾಕಿಕೊಟ್ಟ ಗೆರೆಯಲ್ಲೇ ನಡೆದಿದ್ದೇನೆ. ತಕ್ಕಡಿಯಲ್ಲಿಟ್ಟರೆ ಏಳೂವರೆ ಕೆಜಿ. ತಜ್ಞರು ಅಂತ ಬೋರ್ಡು ಹಾಕಿಕೊಂಡವರು ನಾಚಬೇಕು.

ಈಗ ಒಂದೇ ಕೆಲಸ ಉಳಿದಿದೆ. ಗೇಟಿನವನ ಕೆಂಪು ಬಣ್ಣ ನನಗೆ ಬೇಡ. ಅಪ್ಪನ ಮನೆಯಲ್ಲಿ ಗಾಲಿ ಪಾಸಾಗುತ್ತಿದ್ದದ್ದು ನಿನ್ನ ಕಿವಿಯಲ್ಲಿ. ಭಾನುವಾರ, 9ನೇ ತಾರೀಖು, ಬೆಳಿಗ್ಗೆ ಹತ್ತಕ್ಕೆ ಫೋನ್ ಮಾಡುತ್ತೇನೆ. ಮೇಸ್ತ್ರಿ ಎತ್ತಿದರೆ ಇಟ್ಟುಬಿಡುತ್ತೇನೆ. ನೀನು ಎತ್ತಬೇಕು. ಗಾಲಿಯನ್ನು ತೊಲೆಗೆ ನೇತುಹಾಕಿ, ಫೋನ್ ಹತ್ತಿರ ಹಿಡಿದು ಮೂರು ಸಲ ಬಾರಿಸುತ್ತೇನೆ. ಚೆನ್ನಾಗಿದೆ ಅಂದರೆ ಕಾರಿಗೆ ಹಾಕುತ್ತೇನೆ. ಇಲ್ಲ ಅಂದರೆ ಗುಜರಿಗೆ ಎಸೆಯುತ್ತೇನೆ, ದೇವರಾಣೆ ಒಂದು ಮಾತೂ ಆಡುವುದಿಲ್ಲ. ಆದರೆ ಫೋನೇ ಎತ್ತದಿದ್ದರೆ, ಅಪ್ಪನಿಗೆ ಒಬ್ಬನೇ ಮಗ ಅಂತ ಇನ್ನು ಮುಂದೆ ಎಲ್ಲರಿಗೂ ಹೇಳಿಕೊಳ್ಳುತ್ತೇನೆ.

ಅಣ್ಣ

ಮಾರ್ಚ್ 10

ಅಣ್ಣಾ,

ನಿನ್ನೆ ಫೋನಿನಲ್ಲಿ ಚೆನ್ನಾಗಿದೆ ಅಂದೆ. ಆದರೂ ಒಮ್ಮೆ ಗೇಟಿನವರಿಗೆ ತೋರಿಸು. ಪಂದ್ಯಕ್ಕೆ ಇನ್ನೂ ನಾಲ್ಕು ವಾರ ಇದೆ, ಅವಸರವೇನಿಲ್ಲ.

ಏಳೂವರೆ ಹೇಗೆ ಬಂತು ಅಂತ ಲೆಕ್ಕ ಹಾಕಿದೆ, ಸಿಗಲಿಲ್ಲ. ನಾಲ್ಕು ಮಿಲಿಮೀಟರಿಗೆ ಅಷ್ಟು ಇಳಿಯುವುದಿಲ್ಲ. ನಿನ್ನ ತಕ್ಕಡಿ ಸರಿಯಿಲ್ಲ ಅಂತ ಕಾಣುತ್ತದೆ.

ತಮ್ಮ

ಮಾರ್ಚ್ 19
(ಅಂಚೆಗೆ ಹಾಕಲಿಲ್ಲ)

ತಮ್ಮಾ,

ಆಸ್ಪತ್ರೆಯ ಎರಡನೇ ಮಹಡಿ. ಹಸಿರು ಬೆಂಚು. ಎದುರಿನ ಗೋಡೆಯ ಮೇಲೆ ಮೆಲ್ಲಗೆ ಮಾತಾಡಿ ಅಂತ ಬರೆದಿದೆ. ನರ್ಸು ಎರಡು ಸಲ ಅದರ ಕಡೆ ಬೆರಳು ತೋರಿಸಿದಳು. ನಾನು ಮಾತಾಡುತ್ತಿರಲಿಲ್ಲ, ಅಳುತ್ತಿದ್ದೆ. ನನ್ನ ಅಳುವೂ ಹಿಂದಿನ ಸಾಲಿಗೆ ಕೇಳುತ್ತದೆ.

ಭಾನುವಾರ ಬೆಳಿಗ್ಗೆ ಗೋಡೌನಿನ ಹಿಂದಿನ ಖಾಲಿ ರಸ್ತೆಗೆ ಹೋದೆವು. ಪಂದ್ಯಕ್ಕೆ ಮುಂಚೆ ಕೈ ಕೂರಲಿ ಅಂತ. ಮೊದಲ ಸುತ್ತು ಬಂದು ಕಿಟಕಿಯಿಂದ ತಲೆ ಹಾಕಿ, “ಅಪ್ಪಾ, ಜಿಂಕೆ ಇದು” ಅಂದಳು. ಅಷ್ಟು ನಕ್ಕದ್ದನ್ನು ಅವಳಮ್ಮ ಹೋದ ಮೇಲೆ ನಾನು ನೋಡಿರಲಿಲ್ಲ. ಎರಡನೇ ಸುತ್ತಿನಲ್ಲಿ, ನನ್ನಿಂದ ನೂರು ಗಜ ಮುಂದೆ, ಗಾಲಿ ಸಿಡಿಯಿತು. ತಮ್ಮಾ, ನೀನು ಬರೆದ ಹಾಗೆಯೇ, ಕಾಗದದ ಹಾಗೆ. ಬಾನೆಟ್ ಮೇಲೆ ಒಂದು ತೂತು, ಒಳಗೆ ಕಾಲಿಡುವ ಜಾಗದಲ್ಲಿ ಒಂದು ತೂತು.

ಅವಳು ಕೈಬ್ರೇಕ್ ಎಳೆದು ಕಾರನ್ನು ರಸ್ತೆಯ ಪಕ್ಕಕ್ಕೆ ನೆಟ್ಟಗೆ ನಿಲ್ಲಿಸಿದ್ದಳು. ಎಡಗಾಲಿನ ಪಾದ ಉಳಿಯಲಿಲ್ಲ. ಎಚ್ಚರ ಬಂದ ಮೇಲೆ ಕೇಳಿದ ಮೊದಲ ಮಾತು, “ಕಾರು ಉರುಳಿತಾ?” ಇಲ್ಲ ಮಗಳೇ ಅಂದೆ. “ಹಾಗಾದರೆ ಚೆನ್ನಾಗಿಯೇ ನಿಲ್ಲಿಸಿದೆ” ಅಂದಳು. ಕೆಳಗೆ ಏನಾಗಿದೆ ಅಂತ ಅವಳಿಗೆ ಇನ್ನೂ ಹೇಳಿರಲಿಲ್ಲ.

ಚೆನ್ನಾಗಿದೆ ಅಂದೆಯಲ್ಲೋ. ನಿನ್ನ ಬಾಯಿಂದ ಅದೊಂದು ಮಾತು ಕೇಳಿ ಹಾಕಿದೆನಲ್ಲೋ.

ಇಷ್ಟು ಬರೆದು ನಿಲ್ಲಿಸಿದ್ದೆ. ಇದು ಪೂರ್ತಿ ಅಲ್ಲ. ನಾನು ನಾಲ್ಕು ಕೊಯ್ಯಲಿಲ್ಲ, ಏಳು ಕೊಯ್ದೆ. ನಾಲ್ಕಕ್ಕೆ ಬಂದಾಗ ಒಂಬತ್ತು ಕೆಜಿ ಇತ್ತು. ಎರಡು ಇಳಿಸಿದ್ದಕ್ಕೇ ತಮ್ಮ ಶಹಬ್ಬಾಸ್ ಅನ್ನುತ್ತಾನೆ, ಮೂರೂವರೆ ಇಳಿಸಿದರೆ ಬಾಯಿ ಬಿಡುತ್ತಾನೆ ಅಂದುಕೊಂಡೆ. ಚೂಪು ಮೂಲೆ ಹಾಗೇ ಬಿಟ್ಟೆ. ದುಂಡಗೆ ಮಾಡುವ ಉಳಿ ಹುಡುಕುವುದಕ್ಕೆ ಬೇಸರ. ತೊಲೆಗೆ ನೇತುಹಾಕಿ ಬಾರಿಸಿದಾಗ ಸದ್ದು ನನಗೂ ಕೇಳಿಸಿತು. ಗಂಟೆಯ ಹಾಗೆ ಇರಲಿಲ್ಲ. ಬದ್ ಅಂದಿತು, ಒಡಕು ಮಡಕೆ ತಟ್ಟಿದ ಹಾಗೆ. ನನ್ನ ಕಿವಿಗೇನು ಗೊತ್ತು, ನಾಟಕದವನ ಕಿವಿ, ಅವನು ಚೆನ್ನಾಗಿದೆ ಅಂದನಲ್ಲ ಅಂತ ಸುತ್ತಿಗೆ ಕೆಳಗಿಟ್ಟೆ.

ಇದನ್ನು ಹೇಗೆ ಕಳಿಸಲಿ? ಮೇಸ್ತ್ರಿ ಗಟ್ಟಿಯಾಗಿ ಓದುತ್ತಾನೆ.

ಮಾರ್ಚ್ 21

ಅಣ್ಣಾ,

ಇದನ್ನು ಅಂಗಡಿಯಲ್ಲಿ ಬರೆಯುತ್ತಿಲ್ಲ, ಮನೆಯಲ್ಲಿ ಬಾಗಿಲು ಹಾಕಿಕೊಂಡು ಬರೆಯುತ್ತಿದ್ದೇನೆ. ಹನ್ನೆರಡು ದಿನದಿಂದ ನಿದ್ದೆಯಿಲ್ಲ.

ನನಗೆ ಕಿವಿ ಕೇಳುವುದಿಲ್ಲ. ಮೂರು ವರ್ಷದಿಂದ ಕಡಿಮೆಯಾಗುತ್ತಾ ಬಂದು, ಈಗ ಎರಡೂ ಹೋಗಿವೆ. ಮೊದಲು ಬೇರಿಂಗಿನ ಕೀರಲು ಹೋಯಿತು, ಆಮೇಲೆ ಬಾಗಿಲು ತಟ್ಟುವುದು, ಆಮೇಲೆ ಮನುಷ್ಯರು. ಯಾರಿಗೂ ಹೇಳಿಲ್ಲ. ತುಟಿ ನೋಡಿ ನಡೆಸುತ್ತೇನೆ. ಹೊಸ ಸಾಮಾನಿಗೆ ಮೆಷಿನ್ನಿನ ಮುಳ್ಳು ನೋಡಿದರೆ ಸಾಕು, ಕಿವಿ ಬೇಡ. ಹಳೆ ಬೀಡು ಬಿಟ್ಟದ್ದು ಅದಕ್ಕೇ. ಜಂಬ ಬಂದಿದೆ ಅಂದುಕೊಂಡರು, ಅಂದುಕೊಳ್ಳಲಿ ಅಂತ ಬಿಟ್ಟೆ. ಕಿವುಡ ಟರ್ನರ್ ಅಂತ ಗೊತ್ತಾದರೆ ಯಾರು ಕೆಲಸ ಕೊಡುತ್ತಾರೆ?

ನಿನ್ನ ಕಾಗದ ಬಂದ ದಿನ ಮೇಸ್ತ್ರಿ ಓದುತ್ತಾನೆ. ಎಲ್ಲರೂ ನಕ್ಕಾಗ ನಾನೂ ನಗುತ್ತೇನೆ. ಆಮೇಲೆ ಕಾಗದ ಒಳಗೆ ತೆಗೆದುಕೊಂಡು ಹೋಗಿ, ಓದಿ, ಇನ್ನೊಮ್ಮೆ ಒಬ್ಬನೇ ನಗುತ್ತೇನೆ. ನಿನ್ನ ದನಿ ಹೇಗಿತ್ತು ಅಂತ ನೆನಪು ಮಾಡಿಕೊಂಡು ಓದುತ್ತೇನೆ.

ಆ ಭಾನುವಾರ ಫೋನ್ ಎತ್ತಿದೆ. ನೀನು ಏನೋ ಹೇಳಿದೆ. ಆಮೇಲೆ ರಿಸೀವರ್ ಹಿಡಿದ ಅಂಗೈಗೆ ಸಣ್ಣಗೆ ಏನೋ ನಡುಗಿದ ಹಾಗಾಯಿತು, ಮೂರು ಸಲ. ಆರು ಜನ ಸುತ್ತ ನಿಂತು ನನ್ನ ಮುಖವನ್ನೇ ನೋಡುತ್ತಿದ್ದರು. ಕೇಳಿಸಲಿಲ್ಲ ಅನ್ನುವುದಕ್ಕೆ ಬಾಯಿ ತೆರೆದೆ. ಹೊರಗೆ ಬಂದದ್ದು, ಚೆನ್ನಾಗಿದೆ.

ಅಣ್ಣಾ, ಆ ಗಾಲಿಯನ್ನು ನಾನು ಕೇಳಿಲ್ಲ. ಪಂದ್ಯಕ್ಕೆ ಇನ್ನೂ ಎರಡು ವಾರ ಇದೆ. ಕಾರಿಗೆ ಹಾಕಿದ್ದರೆ ಬಿಚ್ಚು. ಗೇಟಿನವರಿಗೆ ಕೊಡು. ಚೂಟಿ ಅದನ್ನು ಮುಟ್ಟುವ ಮೊದಲು ಬಿಚ್ಚು. ಹೊತ್ತು ಮೀರುವ ಮೊದಲು ಹೇಳುತ್ತಿದ್ದೇನೆ ಅನ್ನುವುದೊಂದೇ ಸಮಾಧಾನ. ನಾಳೆಯೇ ಹೋಗಿ ಕಿವಿಗೆ ಹಾಕುವ ಯಂತ್ರ ತರುತ್ತೇನೆ.

ನಿನ್ನ ತಮ್ಮ

ಮಾರ್ಚ್ 29

ತಮ್ಮಾ,

ಮೇಸ್ತ್ರಿ ಕೈಗೆ ಸಿಗದಿರಲಿ ಅಂತ ಇದನ್ನು ನಿನ್ನ ಮನೆ ವಿಳಾಸಕ್ಕೆ ಹಾಕಿದ್ದೇನೆ. ನಿನ್ನ ಕಾಗದ ಸಿಕ್ಕಿತು. ಸರಿಯಾದ ಹೊತ್ತಿಗೇ ಸಿಕ್ಕಿತು. ಗಾಲಿ ಇನ್ನೂ ಶೆಡ್ಡಿನಲ್ಲೇ ಇತ್ತು.

ಹೊತ್ತುಕೊಂಡು ಹೋಗಿ ಗೇಟಿನವನಿಗೆ ಕೊಟ್ಟೆ. ಬಣ್ಣ ಹಚ್ಚಿ, ಕನ್ನಡಕ ಮೇಲೇರಿಸಿ ಕೆಳಗಿಳಿಸಿ ನೋಡಿ, “ಗಂಟೆಯ ಹಾಗಿದೆ, ಯಾರು ಪಾಸು ಮಾಡಿದ್ದು?” ಅಂದ. ನನ್ನ ತಮ್ಮನ ಅಂಗೈ ಅಂದೆ. ನೋಡು, ನಿನ್ನ ಕಿವಿ ಹೋದರೂ ಕೈಗೆ ಗೊತ್ತಿದೆ. ನೀನು ಸುಳ್ಳು ಹೇಳಲಿಲ್ಲ. ನಿನಗೇ ಗೊತ್ತಿಲ್ಲದೆ ನಿಜ ಹೇಳಿದೆ.

ಇನ್ನು ನಿದ್ದೆ ಮಾಡು. ಮೂರು ವರ್ಷ ಒಬ್ಬನೇ ಹೇಗೆ ಇದ್ದೆಯೋ. ನೀನು ಫೋನ್ ಎತ್ತಲಿಲ್ಲ ಅಂತ ನಾನಿಲ್ಲಿ ಹಾರಾಡುತ್ತಿದ್ದೆ.

ಅಣ್ಣ

ಏಪ್ರಿಲ್ 11

ಅಣ್ಣಾ,

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೋ. ಅದನ್ನು ಓದಿದ ದಿನ ಅಂಗಡಿಗೆ ರಜೆ ಹಾಕಿ ಸುಮ್ಮನೆ ರಸ್ತೆಯಲ್ಲಿ ನಡೆದೆ. ಚಪ್ಪಲಿ ಅಂಗಡಿ, ಸೈಕಲ್ ಅಂಗಡಿ, ಎಲ್ಲವನ್ನೂ ಮೊದಲ ಸಲ ನೋಡಿದ ಹಾಗೆ ನೋಡಿದೆ.

ಕಿವಿಯ ವಿಷಯ ಬಿಟ್ಟು, ಗಾಲಿಯ ಕಥೆಯನ್ನು ಮೇಸ್ತ್ರಿಗೆ ಹೇಳಿದೆ. ಮನೆಯಲ್ಲೇ ಕೊಯ್ದದ್ದು, ಫೋನಿನಲ್ಲೇ ಪಾಸು ಮಾಡಿದ್ದು ಅಂದೆ. ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದಾನೆ.

ಪಂದ್ಯ ಏನಾಯಿತು? ಬರೆಯಲಿಲ್ಲವಲ್ಲ. ಚೂಟಿ ಮೂರನೇ ತಿರುವಿನಲ್ಲಿ ಹೇಗೆ ಎದ್ದಳು? ನೀನು ಬರೆಯುವ ಹಾಗೆ ಬರೆ, ಸಭಿಕರೇ ಅಂತ ಶುರುಮಾಡಿ. ಈ ನಡುವೆ ಚಿಕ್ಕ ಚಿಕ್ಕದಾಗಿ ಬರೆಯುತ್ತಿದ್ದೀಯ.

ತಮ್ಮ

ಏಪ್ರಿಲ್ 18

ಸಭಿಕರೇ,

ಎರಡನೇ ಸ್ಥಾನ. ಮೂರನೇ ತಿರುವಿನಲ್ಲಿ ಜಿಂಕೆಯ ಹಾಗೆ ಎದ್ದಳು. ಜನ ಕೂಗಿದ್ದೇ ಕೂಗಿದ್ದು. ಇಷ್ಟೇ. ಗಂಟಲು ಕಟ್ಟಿದೆ.

ಅಣ್ಣ

ಮೇ 24

ಅಣ್ಣಾ,

ತಡವಾಯಿತು, ಕೆಲಸ ಜಾಸ್ತಿ. ಕಿವಿಯ ಯಂತ್ರ ಬಂದಿದೆ, ಕೂದಲು ಇಳಿಬಿಟ್ಟರೆ ಕಾಣುವುದಿಲ್ಲ. ವಿಚಿತ್ರ ವಸ್ತು. ಅದರಲ್ಲಿ ಎಲ್ಲವೂ ಣಿಂಯ್ ಅನ್ನುತ್ತದೆ. ಟೀ ಲೋಟ ಇಟ್ಟರೂ ಣಿಂಯ್, ಬೀಗದ ಕೈ ಬಿದ್ದರೂ ಣಿಂಯ್, ಮೇಸ್ತ್ರಿ ಕೆಮ್ಮಿದರೂ ಣಿಂಯ್. ಅಭ್ಯಾಸ ಆಗುತ್ತದಂತೆ.

ಹಳೆ ಬೀಡಿನ ಕೆಲಸ ಮತ್ತೆ ಶುರುಮಾಡಿದ್ದೇನೆ. ನಿನ್ನಿಂದಾಗಿಯೇ. ಆ ಗಾಲಿಯನ್ನು ಕಿವಿಯೇ ಇಲ್ಲದೆ ಸರಿಯಾಗಿ ಹೇಳಿದವನು, ಈಗ ಯಂತ್ರವೂ ಇರುವಾಗ ಏಕೆ ಹೆದರಲಿ? ಮೊದಲನೆಯದು ಮೇಸ್ತ್ರಿಯ ಭಾವಮೈದುನನದ್ದು. ಅವನು ನಿಮ್ಮ ಪಕ್ಕದ ಊರಿನಲ್ಲಿ ಶಾಲೆ ಮಕ್ಕಳ ವ್ಯಾನು ಓಡಿಸುತ್ತಾನೆ, ಶಾಲೆ ಇರುವುದು ಏರಿನ ಮೇಲೆ. ಚೂಟಿಯ ಕಥೆ ಕೇಳಿ ಅವನೂ ಗಾಲಿಯನ್ನು ಪರಿಚಯದ ಲೇತಿನವನ ಮನೆಯಲ್ಲಿ ಕೊಯ್ಸಿಕೊಂಡಿದ್ದಾನೆ. ಹೋದ ವಾರ ತನ್ನ ಮನೆ ಎದುರಿನ ದಿನಸಿ ಅಂಗಡಿಯ ಫೋನಿನಿಂದ ಬಾರಿಸಿ ಕೇಳಿಸಿದ. ಣಿಂಯ್ ಅಂತು, ಅಂಗೈಗೂ ತಾಗಿತು. ಚೆನ್ನಾಗಿದೆ ಅಂದೆ. ಜೂನ್ 2, ಸೋಮವಾರ, ರಜೆ ಮುಗಿದು ಶಾಲೆ ತೆರೆಯುವ ದಿನ ವ್ಯಾನು ರಸ್ತೆಗಿಳಿಸುತ್ತಾನಂತೆ.

ಇನ್ನೂ ಮೂವರು ಕೇಳಿದ್ದಾರೆ. ಅಪ್ಪ ಇದ್ದಿದ್ದರೆ ಏನನ್ನುತ್ತಿದ್ದರೋ.

ಚೂಟಿ ನನಗೊಂದು ಸಾಲೂ ಬರೆಯುವುದಿಲ್ಲ. ಗೆದ್ದ ಮೇಲೆ ಚಿಕ್ಕಪ್ಪ ಮರೆತುಹೋದನಾ ಅಂತ ಕೇಳು.

ತಮ್ಮ

ಜೂನ್ 1, ಭಾನುವಾರ

ತಮ್ಮಾ,

ಇದನ್ನು ಮೇಸ್ತ್ರಿ ಕೈಗೆ ಕೊಡಬೇಡ. ಒಳಗೆ ಇನ್ನೊಂದು ಕಾಗದ ಮಡಿಚಿಟ್ಟಿದ್ದೇನೆ, ಮಾರ್ಚ್ 19ರದ್ದು. ಕೂತುಕೊಂಡು, ಮೊದಲು ಅದನ್ನು ಓದು. ಆಮೇಲೆ ಇಲ್ಲಿಗೆ ಬಾ.

ಓದಿದೆಯಾ.

ನಿನ್ನ ಕಾಗದ ನನಗೆ ಸಿಕ್ಕಿದ್ದು ಆಸ್ಪತ್ರೆಯಲ್ಲಿ. ಪಕ್ಕದ ಮನೆಯವರು ತಂದುಕೊಟ್ಟರು. “ಹೊತ್ತು ಮೀರುವ ಮೊದಲು” ಅಂತ ಬರೆದಿದ್ದೆಯಲ್ಲ, ಆ ಸಾಲಿಗೆ ಬಂದಾಗ ಒಳಗೆ ಅವಳಿಗೆ ಗಾಯದ ಬಟ್ಟೆ ಬದಲಾಯಿಸುತ್ತಿದ್ದರು. ನಿನಗೆ ನಿಜ ಬರೆದರೆ ನೀನು ಉಳಿಯುವುದಿಲ್ಲ ಅನ್ನಿಸಿತು. ಒಂದು ಪಾದ ಹೋಗಿತ್ತು, ಒಬ್ಬ ತಮ್ಮನೂ ಹೋಗುವುದು ಬೇಡ ಅಂತ ಮುಖಕ್ಕೆ ಬಣ್ಣ ಹಚ್ಚಿಕೊಂಡೆ. ಗೇಟಿನವನ ಮಾತು, ಕನ್ನಡಕ, ಎರಡನೇ ಸ್ಥಾನ, ಎಲ್ಲವೂ ನಾನು ಕಟ್ಟಿದ್ದು. ಚೆನ್ನಾಗಿ ಕಟ್ಟಿದೆ. ನೀನು ನಂಬಿದೆ. ಊರೆಲ್ಲ ನಂಬಿತು. ಒಬ್ಬ ವ್ಯಾನಿನವನು ನಂಬಿ ತನ್ನ ಗಾಲಿಯನ್ನೂ ಕೊಯ್ಸಿಕೊಂಡ.

ನಿನ್ನ ಮೇ 24ರ ಕಾಗದ ಬಂದದ್ದು ಮೊನ್ನೆ ಸಂಜೆ. ನಾನು ಅಡುಗೆಮನೆಯಲ್ಲಿದ್ದೆ. ಚೂಟಿ ಊರುಗೋಲು ಹಿಡಿದು ಬಾಗಿಲಿಗೆ ಹೋಗಿ ಅಂಚೆಯವರಿಂದ ತೆಗೆದುಕೊಂಡಳು. ಬಿಡಿಸಿ ಓದಿದಳು. ಅವಳಿಗೆ ನಿನ್ನ ಕಿವಿಯ ವಿಷಯ ಗೊತ್ತಿರಲಿಲ್ಲ, ನನ್ನ ಸುಳ್ಳೂ ಗೊತ್ತಿರಲಿಲ್ಲ.

ಊಟದ ಮೇಜಿನ ಮೇಲೆ ಕಾಗದ ಇಟ್ಟು, “ಅಪ್ಪಾ, ನಾನು ಪಂದ್ಯದಲ್ಲಿ ಗೆದ್ದೆನಂತೆ. ಕಪ್ ಎಲ್ಲಿಟ್ಟಿದ್ದೀಯ?” ಅಂದಳು.

ನಾನು ಎಲ್ಲ ಹೇಳಿದೆ. ನಿನ್ನ ಕಿವಿ, ನನ್ನ ಏಳು ಮಿಲಿಮೀಟರ್, ಮಡಕೆಯ ಸದ್ದು. ಹೇಳಿ ಮುಗಿಯುವವರೆಗೆ ಅವಳು ನೀರಿನ ಲೋಟವನ್ನು ಮೇಜಿನ ಮೇಲೆ ತಿರುಗಿಸುತ್ತಾ ಕೂತಿದ್ದಳು.

“ಚಿಕ್ಕಪ್ಪನಿಗೆ ಕಿವಿ ಇರಲಿಲ್ಲ” ಅಂದಳು. “ನಿನಗೆ ಇತ್ತಲ್ಲ ಅಪ್ಪಾ.”

ಎಷ್ಟು ಸಂಭಾಷಣೆ ಬಾಯಿಪಾಠ ಮಾಡಿದವನು ನಾನು. ಎದ್ದು ಅವಳ ಲೋಟಕ್ಕೆ ನೀರು ಹಾಕಿದೆ.

ಆಮೇಲೆ ಕೇಳಿದಳು: “ಆ ವ್ಯಾನಿನ ಮುಂದಿನ ಸೀಟಲ್ಲಿ ಯಾರು ಕೂರುತ್ತಾರೆ ಗೊತ್ತಾ? ಕಿಟಕಿ ಬೇಕು ಅಂತ ಹಟ ಹಿಡಿಯುವ ಮಕ್ಕಳು. ನಾಟಕ ಮುಗಿಸು.”

ಅಷ್ಟೇ ಮಾತು. ಅಂದಿನಿಂದ ಊಟಕ್ಕೆ ಕರೆದರೆ ಬರುತ್ತಾಳೆ, ಉಪ್ಪು ಕೇಳಿದರೆ ಕೊಡುತ್ತಾಳೆ, ನನ್ನ ಕಡೆ ನೋಡುವುದಿಲ್ಲ. ನಿನ್ನ ಬಗ್ಗೆ ಏನು ಯೋಚಿಸುತ್ತಾಳೆ ಅಂತ ನಾನು ಕೇಳಿಲ್ಲ. ಕೇಳುವ ಹಕ್ಕು ನನಗಿಲ್ಲ. ಕ್ಷಮೆ ಕೇಳಿ ಅವಳಿಗೆ ಬರೆಯಬೇಡ, ಈಗಲೇ ಬೇಡ. ಕ್ಷಮಿಸುವ ಕೆಲಸವನ್ನೂ ಅವಳ ತಲೆಗೆ ಕಟ್ಟಬೇಡ. ಅವಳು ಒಂದೊಂದು ಮೆಟ್ಟಿಲು ಹತ್ತುವುದನ್ನು ಕಲಿಯುತ್ತಿದ್ದಾಳೆ, ಅದೇ ಸಾಕು.

ನಿನ್ನ ಮೇಲೆ ನನಗೆ ಸಿಟ್ಟಿದೆಯಾ? ಇದೆ. ಆಸ್ಪತ್ರೆಯ ಬೆಂಚಿನ ಮೇಲೆ ಇದ್ದಷ್ಟೇ ಇದೆ. ನನ್ನ ಮೇಲೆ ಅದಕ್ಕಿಂತ ಮೂರು ಮಿಲಿಮೀಟರ್ ಜಾಸ್ತಿ ಇದೆ. ನೀನು ಬೇಕು ಅನ್ನುವುದೂ ಹಾಗೇ ಇದೆ. ಇವೆಲ್ಲ ಒಂದೇ ಎದೆಯಲ್ಲಿ ಹೇಗೆ ಹಿಡಿಸುತ್ತವೆಯೋ ನನಗೆ ತಿಳಿಯದು.

ಒಂದು ಮಾತು ಮಾತ್ರ ಅಣ್ಣನಾಗಿ ಹೇಳುತ್ತೇನೆ. ಫೋನಿನಲ್ಲಿ ಗಾಲಿ ಕೇಳುವುದನ್ನು ಇವತ್ತಿಗೆ ನಿಲ್ಲಿಸು. ಆ ಮೂವರಿಗೆ ಬಣ್ಣ ಹಚ್ಚಿ ನೋಡುವವರ ಹತ್ತಿರ ಹೋಗಿ ಅನ್ನು. ಅಂಗಡಿಯವರಿಗೆ ಕಿವಿಯ ವಿಷಯ ನೀನೇ ಹೇಳು. ನಿನ್ನೆ ಮೇಸ್ತ್ರಿಗೆ ಫೋನ್ ಮಾಡಿದಾಗ ನಾನು ಅದನ್ನು ಬಾಯಿಬಿಡಲಿಲ್ಲ, ವ್ಯಾನಿನವನ ವಿಳಾಸ, ಅವನ ಮನೆ ಎದುರಿನ ದಿನಸಿ ಅಂಗಡಿಯ ನಂಬರು ಮಾತ್ರ ಕೇಳಿದೆ. ಗಾಲಿಯಲ್ಲಿ ತೊಂದರೆ ಇರಬಹುದು, ವ್ಯಾನು ತೆಗೆಯಬೇಡ ಅನ್ನಿ ಅಂದೆ. “ಯಜಮಾನರೇ ಪಾಸು ಮಾಡಿದ ಗಾಲಿ, ನೀವು ತಮಾಷೆ ಮಾಡುತ್ತೀರಿ” ಅಂತ ನಕ್ಕರು. ಇಷ್ಟು ವರ್ಷ ನಗಿಸಿದ್ದಕ್ಕೆ ಸರಿಯಾದ ಕೂಲಿ. ಆ ದಿನಸಿ ಅಂಗಡಿಗೂ ಎರಡು ಸಲ ಫೋನ್ ಮಾಡಿದೆ. ಹೇಳುತ್ತೇವೆ ಅಂದರು. ಹೇಳಿದರೋ ಇಲ್ಲವೋ ದೇವರೇ ಬಲ್ಲ.

ಈ ಕಾಗದ ನಿನಗೆ ಸಿಗುವ ಹೊತ್ತಿಗೆ ನಾಳೆ ಕಳೆದು ಮೂರ್ನಾಲ್ಕು ದಿನ ಆಗಿರುತ್ತದೆ. ಅದಕ್ಕೇ ನಾನು ಹೋಗುತ್ತೇನೆ. ಭಾನುವಾರ ಆ ಊರಿಗೆ ಬಸ್ಸಿಲ್ಲ, ನಾಳೆ ಬೆಳಿಗ್ಗೆ ಐದೂವರೆಯ ಬಸ್ಸು. ಏಳಕ್ಕೆ ಮೊದಲು ಅವನ ಮನೆ ಮುಂದೆ ಇರುತ್ತೇನೆ, ಮೊದಲ ಮಗು ವ್ಯಾನು ಹತ್ತುವುದಕ್ಕೆ ಮುಂಚೆ. ಕೈ ಮುಗಿದು ಹೇಳುತ್ತೇನೆ. ಕೇಳದಿದ್ದರೆ ವ್ಯಾನಿನ ಮುಂದೆ ರಸ್ತೆಯ ಮೇಲೆ ಕೂತುಬಿಡುತ್ತೇನೆ. ಯಾರೀ ಹುಚ್ಚ ಅಂತ ಬೀದಿಯೆಲ್ಲ ಬಂದು ನೋಡಲಿ. ಅವನು ಕೀಲಿ ತೆಗೆದು ನನ್ನ ಕೈಗೆ ಕೊಡುವವರೆಗೆ ಏಳುವುದಿಲ್ಲ.

ಅಣ್ಣ